ಗೇಟ್ ಪಾಸಿನ ಹಾಲು

ನಾನು ಓದು ಬಿಟ್ಟಿದ್ದು ಸಾವಿರದ ಒಂಬೈನೂರ ಅರವತ್ತೇಳರಲ್ಲಿ, ಏಳನೇ ಕ್ಲಾಸಿನ ನಟ್ಟನಡುವೆ. ಬಡತನಕ್ಕೆ ಬಿಟ್ಟೆ ಅಂತ ಬರೆದರೆ ಓದುವವರಿಗೆ ಅಯ್ಯೋ ಅನ್ನಿಸುತ್ತೆ, ಆದರೆ ಅದು ಸುಳ್ಳು. ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆ ಇದ್ದವು. ಬೆಳಿಗ್ಗೆ ಹಾಲು ಕರೆದು, ಸೈಕಲ್ಲಿಗೆ ಕ್ಯಾನು ಕಟ್ಟಿ, ಯಶವಂತಪುರದ ಮನೆಮನೆಗೆ ಹಾಕಿ ಸ್ಕೂಲಿಗೆ ಬರುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತಿತ್ತು. ಒಂದು ದಿನ ಮೇಷ್ಟ್ರು, "ಹಾಲಿಗೆ ನೀರು ಬೆರೆಸೋನಿಗೆ ಭಿನ್ನರಾಶಿ ಯಾಕೋ?" ಅಂದರು. ಇಡೀ ಕ್ಲಾಸು ನಕ್ಕಿತು. ನಮ್ಮ ಮನೆ ಹಾಲಿಗೆ ಯಾವತ್ತೂ ಒಂದು ತೊಟ್ಟು ನೀರು ಬಿದ್ದದ್ದಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ. ಆಮೇಲೆ ಅವರೇ ಮನೆ ತನಕ ಬಂದು ಕರೆದರು. ನಾನು ಹೋಗಲಿಲ್ಲ. ಹೋಗದೆ ಇದ್ದದ್ದು ತಪ್ಪು ಅಂತ ಇವತ್ತಿಗೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ.

ಆಗ ಪೀಣ್ಯದ ಕಡೆ ರಾಗಿ ಹೊಲಗಳೆಲ್ಲ ಒಂದೊಂದಾಗಿ ಶೆಡ್ಡುಗಳಾಗುತ್ತಿದ್ದವು. ನಾನೊಂದು ಶೆಡ್ಡಿನಲ್ಲಿ ಕಸ ಗುಡಿಸೋಕೆ ಸೇರಿ, ಹೆಲ್ಪರ್ ಆಗಿ, ಏಳು ವರ್ಷಕ್ಕೆ ಲೇತು ನಡೆಸುವ ಟರ್ನರ್ ಆದೆ. ಮೇಷ್ಟ್ರು ಬೇಡ ಅಂದ ಭಿನ್ನರಾಶಿಯನ್ನ ಲೇತು ನನಗೆ ಕಲಿಸಿತು. ಕೂದಲಿನ ಕಾಲು ಭಾಗದಷ್ಟು ಜಾಸ್ತಿ ಕೆತ್ತಿದರೂ ಜಾಬು ಗುಜರಿಗೆ ಹೋಗುತ್ತೆ. ಆ ಕೈ ನನ್ನದು ಅಂತ ನನಗೆ ಜಂಬ ಇತ್ತು, ಈಗಲೂ ಇದೆ.

ನನ್ನ ಹೆಂಡತಿ ನನಗಿಂತ ಹೆಚ್ಚು ಓದಿದವಳು, ಎಸ್ಸೆಸ್ಸೆಲ್ಸಿ ಪಾಸು. ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷದ ದೂರದಲ್ಲಿ ರೇಡಿಯೋಗೆ ಬೇಕಾದ ಬಿಡಿಭಾಗ ಜೋಡಿಸುವ ಒಂದು ಕಾರ್ಖಾನೆ ಇತ್ತು. ಅಲ್ಲಿ ಸಾಲಾಗಿ ಕೂತು ಬೆಸುಗೆ ಹಾಕುವ ನಲವತ್ತು ಹೆಂಗಸರಲ್ಲಿ ಅವಳೂ ಒಬ್ಬಳು. ಎರಡು ವರ್ಷವಾದರೂ ಇನ್ನೂ ಟೆಂಪರರಿ. ಆ ವರ್ಷ ಪರ್ಮನೆಂಟ್ ಮಾಡುತ್ತೇವೆ ಅಂದಿದ್ದರು, ರಜೆ ಮೀರದೆ ಇದ್ದವರಿಗೆ ಮಾತ್ರ.

ಅದೇ ವರ್ಷ, ಎಪ್ಪತ್ತೊಂಬತ್ತರ ಕೊನೆಯಲ್ಲಿ, ನಮ್ಮ ಮಗಳು ಹುಟ್ಟಿದಳು. ತಿಂಗಳ ಮೇಲೆ ಹದಿನೈದು ದಿನ ಮುಂಚೆ ಬಂದುಬಿಟ್ಟಳು. ಆಸ್ಪತ್ರೆಯ ತಕ್ಕಡಿಯಲ್ಲಿ ಒಂದು ಕೆಜಿ ಏಳುನೂರು ಗ್ರಾಂ. ನಾನು ದಿನಾ ಲೇತಿಗೆ ಕಟ್ಟುತ್ತಿದ್ದ ಕಬ್ಬಿಣದ ತುಂಡು ಅದಕ್ಕಿಂತ ಭಾರ. ಎದೆಗೆ ಹಾಕಿದರೆ ಬಾಯಿ ಆಡಿಸುತ್ತಿದ್ದಳೇ ಹೊರತು ಚೀಪುವ ಶಕ್ತಿ ಇರಲಿಲ್ಲ. ಹಾಗಾಗಿ ಹಾಲು ಹಿಂಡಿ, ಮೂತಿ ಇರುವ ಪುಟ್ಟ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸೋದು. ಒಂದು ಸಲ ಕುಡಿಸಲು ಮುಕ್ಕಾಲು ಗಂಟೆ.

ಎರಡನೇ ತಿಂಗಳಲ್ಲಿ, ಕೆಲಸಕ್ಕೆ ಹೋಗುವ ಮುಂಚೆ ಅಭ್ಯಾಸ ಆಗಲಿ ಅಂತ ಪಕ್ಕದ ಮನೆಯವರ ಮಾತು ಕೇಳಿ ಡಬ್ಬಿ ಪುಡಿ ಹಾಲು ಕೊಟ್ಟೆವು. ನಮ್ಮ ಬಾವಿ ನೀರಿನ ದೋಷವೋ, ಬಾಟಲಿ ಸರಿಯಾಗಿ ತೊಳೆಯದ ನಮ್ಮ ದೋಷವೋ, ಮಗುವಿಗೆ ಭೇದಿ ಹತ್ತಿಕೊಂಡಿತು. ಮೂರು ದಿನಕ್ಕೆ ನೆತ್ತಿ ಗುಳಿ ಬಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಉಳಿಸಿದ ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾ, "ಇನ್ನೊಂದು ಸಲ ಹೀಗಾದ್ರೆ ನಾನೇನೂ ಹೇಳೋಕಾಗಲ್ಲ. ಆರು ತಿಂಗಳು ತುಂಬೋವರೆಗೂ ತಾಯಿ ಹಾಲು ಬಿಟ್ಟು ಬೇರೆ ಒಂದು ತೊಟ್ಟೂ ಬೇಡ," ಅಂದರು.

ಹೆಂಡತಿಯ ಮೂರು ತಿಂಗಳ ರಜೆ ಮುಗಿಯಲು ಹತ್ತು ದಿನ ಉಳಿದಿತ್ತು.

ಕೆಲಸ ಬಿಟ್ಟುಬಿಡು ಅಂತ ನಮ್ಮವ್ವ ಅಂದಳು. ನಾನೂ ಒಂದು ಸಲ ಅಂದೆ, ಸುಳ್ಳು ಯಾಕೆ ಹೇಳಲಿ. ಹೆಂಡತಿ ಮಗುವಿನ ಬಟ್ಟೆ ಮಡಿಚುತ್ತಿದ್ದವಳು ತಲೆ ಎತ್ತಲಿಲ್ಲ.

"ನೀವು ಬಿಡ್ತೀರಾ?"

"ನಾನ್ಯಾಕೆ ಬಿಡಲಿ?"

"ನಾನೂ ಅದನ್ನೇ ಕೇಳ್ತಿರೋದು. ಮಗಳೂ ಬೇಕು, ಕೆಲಸಾನೂ ಬೇಕು. ಎರಡರಲ್ಲಿ ಒಂದು ಆರಿಸ್ಕೋ ಅಂತ ಹೇಳೋಕೆ ನೀವ್ಯಾರು, ನಿಮ್ಮಮ್ಮ ಯಾರು?"

ಹಟದಲ್ಲಿ ನನಗೆ ಸರಿಸಮ ಅಂತ ಅವತ್ತು ಗೊತ್ತಾಯಿತು. ಮಾರನೇ ದಿನವೇ ಹೋಗಿ ನಮ್ಮ ಶೆಡ್ಡಿನ ಯಜಮಾನರ ಹತ್ತಿರ ಎರಡನೇ ಪಾಳಿ ಕೇಳಿ ಹಾಕಿಸಿಕೊಂಡೆ, ಸಾಯಂಕಾಲ ನಾಲ್ಕಕ್ಕೆ ಶುರು. ಅವಳದು ಬೆಳಿಗ್ಗೆ ಏಳರಿಂದ ಮೂರೂವರೆ. ಅವಳು ಇಲ್ಲದಷ್ಟು ಹೊತ್ತೂ ಮಗು ನನ್ನ ಜವಾಬ್ದಾರಿ. ಅವ್ವನಿಗೆ ಕಣ್ಣಿಗೆ ಪೊರೆ ಬಂದಿತ್ತು, ಒಳಲೆಯ ಮೂತಿ ಮಗುವಿನ ಬಾಯಿಗೆ ಹೋಯಿತೋ ಮೂಗಿಗೆ ಹೋಯಿತೋ ಕಾಣುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬರು ವಯಸ್ಸಾದ ನರ್ಸಮ್ಮ ಇದ್ದರು. ಹಾಲು ತೆಗೆದು ಇಡೋದು ಹೇಗೆ ಅಂತ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕೈ ಸೋಪು ಹಾಕಿ ತೊಳೀಬೇಕು. ಲೋಟ, ಮುಚ್ಚಳ, ಒಳಲೆ ಕುದಿಯೋ ನೀರಲ್ಲಿ ಹಾಕಿ ತೆಗೀಬೇಕು. ತೆಗೆದ ಹಾಲು ತಂಪಾದ ನೆರಳಲ್ಲಿ ನಾಲ್ಕು ಗಂಟೆ ಇರುತ್ತೆ, ಸೆಕೆಗಾಲದಲ್ಲಿ ಅದಕ್ಕೂ ಮುಂಚೆ ಕುಡಿಸಬೇಕು. ಫ್ರಿಜ್ಜಿದ್ದರೆ ಒಂದೆರಡು ದಿನ ಯೋಚನೆ ಇಲ್ಲ. ಕುಡಿದು ಉಳಿದದ್ದನ್ನ ಇನ್ನೊಂದು ಸಲಕ್ಕೆ ಇಡಬಾರದು. ಬೆಚ್ಚಗೆ ಮಾಡಬೇಕಾದರೆ ಲೋಟವನ್ನ ಬಿಸಿ ನೀರಲ್ಲಿ ಕೂರಿಸಬೇಕು. "ಒಲೆ ಮೇಲೆ ಮಾತ್ರ ಇಡಬೇಡಿ," ಅಂತ ಎರಡು ಸಲ ಹೇಳಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಮೂರನೇ ಸಲವೂ ಹೇಳಿದರು.

ಫ್ರಿಜ್ಜು ನಮ್ಮ ಬೀದಿಯಲ್ಲಿ ಒಂದೇ ಒಂದು ಇತ್ತು, ಮನೆ ಮಾಲೀಕರದು. ಅವರ ಹೊಲ ಕಾರ್ಖಾನೆಗಳಿಗೆ ಹೋದ ಮೇಲೆ ನಾಲ್ಕು ಬಾಡಿಗೆ ಮನೆ ಕಟ್ಟಿಸಿ, ಫ್ರಿಜ್ಜು ತಂದು, ಬಂದವರಿಗೆಲ್ಲ ಕಾಣಲಿ ಅಂತ ಹಜಾರದಲ್ಲಿ ಇಟ್ಟಿದ್ದರು. ಮೇಲೆ ಕಸೂತಿ ಬಟ್ಟೆ. ನಾನು ಯಾರ ಮನೆ ಬಾಗಿಲಲ್ಲೂ ನಿಂತು ಏನೂ ಕೇಳಿದವನಲ್ಲ. ಮಗಳಿಗೋಸ್ಕರ ನಿಂತೆ.

ಮಾಲೀಕರ ಹೆಂಡತಿ ವಿಷಯ ಕೇಳಿದವರೇ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. "ಅಯ್ಯೋ, ಎದೆ ಹಾಲಾ? ಅದ್ರಲ್ಲಿ ದೇವ್ರಿಗೆ ಹೂವ ಇಡ್ತೀವಿ ಕಣಪ್ಪಾ."

"ಹೂವ ಬಾಡಿದ್ರೆ ಬೇರೆ ಕೊಯ್ಬೋದಕ್ಕಾ."

"ಅಂಗಲ್ಲ ಕಣಪ್ಪಾ. ನಾಳೆ ನಮ್ಮ ಸೊಸೆ ಅದರ ಪಕ್ಕದಾಗಿರೋ ಮೊಸರು ಬಡಿಸ್ಬೇಕು. ಬಾಣಂತಿ ಮೈಯಿಂದ ಬಂದಿದ್ದು... ಬೇಜಾರ್ ಮಾಡ್ಕೋಬೇಡ."

"ಎಮ್ಮೆ ಮೈಯಿಂದ ಬಂದಿದ್ದು ನಡೀತದೆ, ಮನುಷ್ಯರ ಮೈಯಿಂದ ಬಂದಿದ್ದು ನಡೆಯಲ್ಲ. ಸರಿ ಬಿಡಿ," ಅಂದು ಮೆಟ್ಟಿಲಿಳಿದೆ.

ಅವತ್ತೇ ಕುಂಬಾರರ ಹತ್ತಿರ ಒಂದು ದೊಡ್ಡ ಮಡಕೆ, ಒಂದು ಸಣ್ಣ ಮಡಕೆ ತಂದೆ. ದೊಡ್ಡದರೊಳಗೆ ಸಣ್ಣದನ್ನ ಕೂರಿಸಿ, ನಡುವಿನ ಸಂದಿಗೆಲ್ಲ ಜರಡಿ ಹಿಡಿದ ಮರಳು ತುಂಬಿ, ಮರಳು ನೆನೆಯುವಂತೆ ನೀರು ಹೊಯ್ದು, ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಗಾಳಿ ಆಡುವ ಕಡೆ ಗೋಡೆ ನೆರಳಲ್ಲಿ ಇಟ್ಟೆ. ಕೈ ಹಾಕಿದರೆ ಬಾವಿಯೊಳಗೆ ಇಳಿದ ಹಾಗೆ ತಣ್ಣಗಿತ್ತು. ಶೆಡ್ಡಿನಲ್ಲಿ ಪ್ರತಿ ಜಾಬಿಗೂ ನಂಬರು ಗುದ್ದಿದ ಅಲ್ಯೂಮಿನಿಯಂ ಬಿಲ್ಲೆ ಕಟ್ಟುತ್ತೇವೆ, ಯಾವುದು ಮೊದಲು, ಯಾವುದು ಆಮೇಲೆ ಅಂತ. ಹಾಲಿನ ಲೋಟಗಳಿಗೂ ಹಾಗೇ ಗಂಟೆ ಗುದ್ದಿದ ಬಿಲ್ಲೆ ಮಾಡಿ ದಾರ ಹಾಕಿದೆ. ಹಳೇದು ಮೊದಲು ಖರ್ಚಾಗಬೇಕು, ತಣ್ಣಗಿರೋದಕ್ಕೆ ಬೆಚ್ಚಗಿರೋದು ಸುರಿಯಬಾರದು.

ನನ್ನ ಕೈಯೇ ದೊಡ್ಡ ತಲೆನೋವು. ಲೇತಿನ ಕೆಲಸದವರ ಕೈಯಿಂದ ಎಣ್ಣೆ ಗ್ರೀಸು ಹೋಗಬೇಕಾದರೆ ಸೀಮೆಎಣ್ಣೆ, ಮರದ ಹೊಟ್ಟು ಹಾಕಿ ತಿಕ್ಕುತ್ತೇವೆ. ಆ ವಾಸನೆ ಹೋಗಲು ಮೂರು ಸಲ ಸೋಪು. ಉಗುರು ಬುಡದವರೆಗೂ ಕತ್ತರಿಸಿ, ಮೊಣಕೈತನಕ ತೊಳೆದು ತೊಳೆದು ಚರ್ಮ ಬಿಳಚಿಕೊಂಡಿತು. ಶೆಡ್ಡಿನಲ್ಲಿ, "ಏನ್ ಗುರು, ಡಾಕ್ಟ್ರಾಗ್ಬಿಟ್ಯಾ?" ಅನ್ನುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ಮೊದಲನೇ ದಿನವೇ ನಾನು ತಪ್ಪು ಮಾಡಿದೆ. ಹಾಲಿನ ಮನೆಯಲ್ಲಿ ಹುಟ್ಟಿದವನು ಮಾತ್ರ ಮಾಡುವಂಥ ತಪ್ಪು.

ಹೆಂಡತಿ ಬೆಳಿಗ್ಗೆ ಆರಕ್ಕೆ ಹಾಲು ತೆಗೆದಿಟ್ಟು ಹೋಗಿದ್ದಳು. ಎಂಟೂವರೆಗೆ ಮಗು ಎದ್ದಿತು. ಲೋಟ ತೆಗೆದು ನೋಡಿದೆ. ನೀಲಿ ನೀರಿನ ಹಾಗೆ ಕೆಳಗೆ, ಮೇಲೆ ತೆಳ್ಳಗೆ ಕೆನೆ. ಇದನ್ನ ಹಸಿಯಾಗಿ ಕುಡಿಸೋದಾ? ನಮ್ಮ ಮನೆಯಲ್ಲಿ ಕಾಯಿಸದ ಹಾಲು ಮಕ್ಕಳ ಬಾಯಿಗೆ ಹೋದದ್ದೇ ಇಲ್ಲ. ಕಾಯಿಸದೆ ಇಟ್ಟ ಹಾಲು ಅಂದರೆ ನಮಗೆ ಅರ್ಧ ವಿಷ. ಮೂರು ತಲೆಮಾರು ಹಾಲು ಹಾಕಿದ ಮನೆ ನಮ್ಮದು, ನರ್ಸಮ್ಮನಿಗೇನು ಗೊತ್ತು ಅಂದುಕೊಂಡು ಪುಟ್ಟ ಪಾತ್ರೆಗೆ ಸುರಿದು ಪಂಪ್ ಸ್ಟೌ ಮೇಲೆ ಇಟ್ಟೇಬಿಟ್ಟೆ. ಅಷ್ಟು ಚೂರು ಹಾಲು, ಕಣ್ಣು ಮಿಟುಕಿಸುವಷ್ಟರಲ್ಲಿ ಉಕ್ಕಿ ಬೆಂಕಿಗೆ ಬಿತ್ತು. ಚುರ್ ಅಂತು.

ಆ ಸದ್ದಿಗೆ ಅವ್ವ ಗೋಡೆ ಹಿಡಿದುಕೊಂಡು ಎದ್ದು ಬಂದಳು. "ಏನ್ಲಾ ಅದು ವಾಸ್ನೆ? ಎದೆ ಆಲಾ? ಎದೆ ಆಲ್ನ ಬೆಂಕಿಗ್ ಆಕಿದ್ಯಾ? ಅಯ್ಯೋ ಪಾಪಿ, ತಾಯಿ ಎದೆ ಬತ್ತೋಯ್ತದೆ ಕಣ್ಲಾ!"

"ಸುಮ್ಕಿರವ್ವ, ಎರಡು ತೊಟ್ಟು."

"ಒಂದ್ ತೊಟ್ಟಾದ್ರೂ ಅಷ್ಟೇಯ!"

ನಾನು ನಂಬಲಿಲ್ಲ. ಆದರೆ ಅವ್ವ ಅದನ್ನ ಸಾಯಂಕಾಲ ಸೊಸೆಗೆ ಹೇಳಿದಳು. ಆಮೇಲೆ ನಿಜವಾಗಿಯೂ ಹಾಲು ಇಳಿಯುತ್ತಾ ಬಂತು. ಮೊದಲ ದಿನ ಮುಕ್ಕಾಲು ಲೋಟ, ನಾಲ್ಕನೇ ದಿನಕ್ಕೆ ಕಾಲು ಲೋಟ. ಹತ್ತು ಗಂಟೆಯ ಮೇಲೆ ಮಗುವಿಗೆ ಕೊಡಲು ಏನೂ ಇಲ್ಲ. ಮೂರೂವರೆ ತನಕ ಹೆಗಲ ಮೇಲೆ ಹಾಕಿಕೊಂಡು ಓಡಾಡಿದೆ. ಅಳೋದಕ್ಕೂ ಶಕ್ತಿ ಇಲ್ಲದೆ ನನ್ನ ಬನಿಯನ್ ಚೀಪುತ್ತಾ ಮಲಗುತ್ತಿದ್ದಳು. ವಾರಕ್ಕೆ ಆಸ್ಪತ್ರೆಯ ತಕ್ಕಡಿಯಲ್ಲಿ ಇಟ್ಟರೆ ನೂರು ಗ್ರಾಂ ಇಳಿದಿದ್ದಳು.

ನರ್ಸಮ್ಮನಿಗೆ ಎಲ್ಲ ಹೇಳಿದೆ, ಒಲೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಬಯ್ಯುತ್ತಾರೆ ಅಂದುಕೊಂಡರೆ ಹೆಂಡತಿಯನ್ನ ಕೇಳಿದರು, "ದಿನಕ್ಕೆ ಎಷ್ಟು ಸಲ ತೆಗೀತೀಯಮ್ಮ?"

"ಬೆಳಿಗ್ಗೆ ಆರಕ್ಕೆ. ಆಮೇಲೆ ಮನೆಗೆ ಬಂದ ಮೇಲೆ."

"ನಡುವೆ?"

"ಕೆಲಸದಲ್ಲಿ ಹೇಗೆ ಮೇಡಂ? ಗಟ್ಟಿಯಾಗಿ ನೋಯುತ್ತೆ. ಬಿಗಿಯಾಗಿ ಬಟ್ಟೆ ಕಟ್ಕೊತೀನಿ."

"ಅದಕ್ಕೇ. ಬೆಂಕಿಗೆ ಬಿದ್ದಿದ್ದಕ್ಕಲ್ಲ. ಒಂಬತ್ತು ಗಂಟೆ ತೆಗೀದೆ ಕಟ್ಟಿ ಇಟ್ಟರೆ, ಮಗುಗೆ ಬೇಡವೇನೋ ಅಂತ ಎದೆ ನಿಲ್ಲಿಸ್ತಾ ಬರುತ್ತೆ. ಅದರ ಮೇಲೆ ಈ ಹೆದರಿಕೆ ಬೇರೆ." ನನ್ನ ಕಡೆ ತಿರುಗಿ, "ಕುದಿಸಿದರೆ ಮಗೂನ ಕಾಯೋ ಶಕ್ತಿ ಆ ಹಾಲಿಂದ ಹೋಗುತ್ತೆ. ನಿಮ್ಮ ತಪ್ಪು ಅಷ್ಟು," ಅಂದರು.

ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಎಮ್ಮೆ ಬತ್ತುತ್ತದೆ ಅನ್ನೋದು ಐದು ವರ್ಷಕ್ಕೇ ನನಗೆ ಗೊತ್ತಿದ್ದ ವಿಷಯ. ವಾಪಸು ಬರುವಾಗ ಸೈಕಲ್ ತುಳಿಯುತ್ತಾ ಹೆಂಡತಿಗೆ ಅದನ್ನೇ ಹೇಳಿದೆ. ಹಿಂದಿನಿಂದ ಬೆನ್ನಿಗೊಂದು ಗುದ್ದು ಬಿತ್ತು.

"ನನ್ನ ಎಮ್ಮೆ ಅಂದ್ರಾ?"

"ಎಮ್ಮೆ ಅನ್ನಲಿಲ್ಲ ಕಣೇ..."

"ನಾಳೆ ಹತ್ತು ಗಂಟೆಗೆ ಗೇಟಿಗೆ ಬನ್ನಿ. ಟೀ ಬ್ರೇಕಲ್ಲಿ ತೆಗೆದುಕೊಡ್ತೀನಿ. ಊಟದ ಹೊತ್ತಿಗೂ ಬನ್ನಿ."

ಮಗುವನ್ನೇ ಗೇಟಿಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಅಂತ ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಟೀ ಬ್ರೇಕು ಹತ್ತು ನಿಮಿಷ, ನನ್ನ ಮಗಳಿಗೆ ಬೇಕಾದ್ದು ಮುಕ್ಕಾಲು ಗಂಟೆ. ಅದೂ ಲಾರಿ ಧೂಳಿನಲ್ಲಿ. ಹಾಲಾದರೆ ಕೈಯಲ್ಲಿ ತೆಗೆಯಬಹುದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳ ಸಾಲಿನ ಇಬ್ಬರು ಹೆಂಗಸರು ಸೀರೆ ಅಡ್ಡ ಹಿಡಿಯುತ್ತಿದ್ದರು. ಬೆಸುಗೆಯ ಸೀಸ ಬೆರಳಿಗೆ ಅಂಟಿರುತ್ತೆ ಅಂತ ಅವಳು ಮೊದಲೇ ಎದ್ದು ಹೋಗಿ ಕೈ ತಿಕ್ಕಿ ತೊಳೆಯುತ್ತಿದ್ದಳು. ಕುದಿಸಿದ ಲೋಟ ಬೆಳಿಗ್ಗೆಯೇ ಒಗೆದ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿರುತ್ತಿದ್ದಳು.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಗೇಟಿನಲ್ಲಿ ಹೊಸ ಕಾವಲುಗಾರ. ಮಿಲಿಟರಿಯಿಂದ ಬಂದವನು, ಮೀಸೆಗೆ ಎಣ್ಣೆ, ಬೂಟಿಗೆ ಪಾಲಿಶ್. ಆ ಕಾರ್ಖಾನೆಯಿಂದ ತಾಮ್ರದ ತಂತಿ, ಬಿಡಿಭಾಗ ಎಲ್ಲ ಊಟದ ಡಬ್ಬಿಗಳಲ್ಲಿ ಕಳ್ಳತನವಾಗಿ ಹೊರಗೆ ಹೋಗುತ್ತಿವೆ ಅಂತ ಅವನನ್ನ ಹಾಕಿದ್ದರು. ಅವನು ನನ್ನ ಹೆಂಡತಿಯ ಕೈಯಿಂದ ಲೋಟ ತೆಗೆದುಕೊಂಡು ಬಿಸಿಲಿಗೆ ಕಾದ ತಗಡಿನ ಮೇಜಿನ ಮೇಲೆ ಇಟ್ಟ.

"ಗೇಟ್ ಪಾಸು ಎಲ್ಲಿ?"

"ಇದು ಕಂಪನಿ ಸಾಮಾನಲ್ಲ," ಅಂದಳು ಇವಳು.

"ಒಳಗಿಂದ ಹೊರಗೆ ಹೋಗೋದು ಏನೇ ಆದ್ರೂ ಪಾಸು ಬೇಕಮ್ಮ. ಏನಿದೆ ಇದ್ರಲ್ಲಿ?"

ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಹತ್ತು ಹನ್ನೆರಡು ಜನ. ಇವಳ ಮುಖ ಕೆಂಪಗಾಯಿತು, ದನಿ ಹೊರಡಲಿಲ್ಲ. ನಾನು ಸೈಕಲ್ ಸ್ಟ್ಯಾಂಡ್ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಎದೆ ಹಾಲು. ನನ್ನ ಮಗಳದು."

ಟೀ ಅಂಗಡಿಯಿಂದ ಒಬ್ಬ ಕೂಗಿದ, "ಗುರೂ, ನಮಗೂ ಕಾಲು ಲೀಟ್ರು ಹಾಕು!" ಎಲ್ಲರೂ ನಕ್ಕರು.

ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಕೈ ತೊಳೆದುಕೊಂಡು ಬಂದಿದ್ದೆ. "ನೀನಾಗ್ಲೇ ಕುಡಿದ್ಬಿಟ್ಟಿದ್ದೀಯ ಮಗಾ," ಅಂದೆ, "ಅದಕ್ಕೇ ಇಷ್ಟುದ್ದ ಬೆಳೆದಿರೋದು. ನಿಮ್ಮವ್ವ ಎಲ್ಲಿದ್ದಾಳೆ ಹೇಳು, ನಿನ್ನ ಮಗ ಅದನ್ನ ನೆನೆಸ್ಕೊಂಡು ನಗ್ತಾವ್ನೆ ಅಂತ ಹೇಳ್ಬಿಟ್ಟು ಬರ್ತೀನಿ." ಈ ಸಲ ನಗು ಅವನ ಮೇಲೆ ತಿರುಗಿತು. ಅವನು ಟೀ ಗ್ಲಾಸು ಇಟ್ಟು ಎದ್ದು ಹೋದ.

ಆದರೆ ಅಷ್ಟರಲ್ಲಿ ಕಾವಲುಗಾರ ಮುಚ್ಚಳ ತೆಗೆದು, ತಳದಲ್ಲಿ ತಂತಿ ಗಿಂತಿ ಇದೆಯಾ ಅಂತ ಹಾಲಿನೊಳಗೆ ಬೆರಳು ಹಾಕಿ ತಿರುವಿಬಿಟ್ಟಿದ್ದ.

ನಾನು ಲೋಟ ಎತ್ತಿಕೊಂಡೆ. ಗೇಟಿನ ಪಕ್ಕ ಒಂದು ಹೊಂಗೆ ಸಸಿ ಇತ್ತು. ತಾಯಿ ಹಾಲು ಯಾರ ಕಾಲಿಗೂ ಸಿಗಬಾರದು ಅಂತಾರೆ ನಮ್ಮ ಕಡೆ. ಅದರ ಬುಡಕ್ಕೆ ಸುರಿದೆ. ಹೆಂಡತಿ ಅದನ್ನ ನೋಡಿ ಕಣ್ಣಿಗೆ ಸೆರಗು ಒತ್ತಿಕೊಂಡಳು. ಅವಳ ಹತ್ತು ನಿಮಿಷದ ಕೆಲಸ, ನನ್ನ ಮಗಳ ಎರಡು ಗಂಟೆಯ ಜೀವ ಆ ಮಣ್ಣಿಗೆ ಇಂಗಿತು.

"ಯಾಕಯ್ಯ ಚೆಲ್ದೆ? ಪಾಸು ತಗೊಂಡ್ಬಂದಿದ್ರೆ ಬಿಡ್ತಿದ್ನಲ್ಲ," ಅಂದ ಕಾವಲುಗಾರ. ಅವನಿಗೆ ತಾನು ಏನು ಮಾಡಿದೆ ಅನ್ನೋದೇ ಗೊತ್ತಿರಲಿಲ್ಲ.

"ಇಷ್ಟು ಹೊತ್ತು ಬೂಟು, ಬೀಗ, ಬೀಡಿ ಮುಟ್ಟಿದ ಬೆರಳು ಅದು ಯಜಮಾನ್ರೇ. ಹೋದ ಸಲ ಹೊಟ್ಟೆ ಕೆಟ್ಟು ಸಾಯೋ ಹಾಗಾಗಿದ್ದಳು ನನ್ನ ಮಗಳು. ಪಾಸು ಬೇಕಾ? ಪಾಸೇ ತರಿಸ್ತೀನಿ. ಬರೋವರೆಗೂ ಇಲ್ಲಿಂದ ಏಳಲ್ಲ."

ಸೈಕಲ್ಲನ್ನ ಗೇಟಿಗೆ ಅಡ್ಡ ಮಲಗಿಸಿ ಪಕ್ಕದಲ್ಲಿ ಕೂತೆ. ಇವಳು ಒಳಗೆ ಓಡಿದಳು. ಐದು ನಿಮಿಷಕ್ಕೆ ಸಾಮಾನು ತುಂಬಿದ ಲಾರಿ ಬಂದು ಹಾರನ್ ಹೊಡೆಯಿತು. ನಾನು ಏಳಲಿಲ್ಲ. ಕಾವಲುಗಾರ ತೋಳು ಹಿಡಿದು ಎಳೆದ. ಲೇತು ತಿರುಗಿಸಿದ ತೋಳು, ಅಲ್ಲಾಡಲಿಲ್ಲ. ಹಿಂದೆ ಇನ್ನೊಂದು ಲಾರಿ ಬಂತು. ಮನೆಯಲ್ಲಿ ಮಗು ಎದ್ದಿರುತ್ತೆ, ಅವ್ವ ಸಕ್ಕರೆ ನೀರು ಕೊಟ್ಟುಬಿಟ್ಟರೆ ಅಂತ ಒಳಗೊಳಗೇ ಬೇಯುತ್ತಿದ್ದೆ. ಹೊರಗೆ ಮಾತ್ರ ಕಲ್ಲಿನ ಹಾಗೆ ಕೂತಿದ್ದೆ.

ಕೊನೆಗೆ ಇವಳ ಸೂಪರ್‌ವೈಸರ್ ಬಂದರು. ತಲೆ ನೆರೆತ ಮನುಷ್ಯ, ಕೈಯಲ್ಲಿ ಗೇಟ್ ಪಾಸಿನ ಪುಸ್ತಕ. ಹಿಂದೆ ಇವಳ ಸಾಲಿನ ಹೆಂಗಸರು ಏಳೆಂಟು ಜನ ಕೆಲಸ ಬಿಟ್ಟು ಬಂದು ನಿಂತಿದ್ದರು.

ಸೂಪರ್‌ವೈಸರ್ ಮೇಜಿನ ಮೇಲೆ ಪುಸ್ತಕ ಇಟ್ಟು ಪೆನ್ನು ತೆಗೆದರು. "ಸಾಮಾನಿನ ವಿವರ ಅಂತ ಕೇಳುತ್ತೆ ಇದು. ಹಾಲು ಅಂತ ಬರೀಲಾ?"

"ಹಾಲು, ಸ್ವಂತ ಅಂತ ಬರೀರಿ ಸಾರ್," ಅಂದಳು ನನ್ನ ಹೆಂಡತಿ. ಈಗ ಅವಳ ದನಿ ಬಂದಿತ್ತು.

"ಪ್ರಮಾಣ?"

"ಒಂದು ಲೋಟ. ದಿನಕ್ಕೆ ಎರಡು ಸಲ."

"ವಾಪಸು ಬರೋ ಸಾಮಾನಾ, ಬರದೇ ಇರೋದಾ?" ಅವರು ಪೆನ್ನು ಮೇಲೆತ್ತಿದರು.

"ಲೋಟ ವಾಪಸು ಬರುತ್ತೆ ಸಾರ್. ಹಾಲು ಬರಲ್ಲ," ಅಂದೆ ನೆಲದ ಮೇಲಿಂದಲೇ.

ಹೆಂಗಸರಲ್ಲಿ ಯಾರೋ ಕಿಸಕ್ಕಂತ ನಕ್ಕರು. ಸೂಪರ್‌ವೈಸರ್ ನಗದೆ ಅದನ್ನೇ ಬರೆದರು. ಕೆಳಗೆ, ಮುಚ್ಚಳ ತೆಗೆಯತಕ್ಕದ್ದಲ್ಲ ಅಂತ ಬರೆದು ಗೆರೆ ಎಳೆದರು. "ಎಷ್ಟು ದಿನಕ್ಕೆ ಕೊಡಲಿ?"

"ಮಗಳಿಗೆ ಆರು ತಿಂಗಳು ತುಂಬೋ ತನಕ."

ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ನಾನು ಎದ್ದು ಸೈಕಲ್ ತೆಗೆದೆ. ಲಾರಿಗಳು ಹೋದವು. ಇವಳು ಊಟದ ಹೊತ್ತು ಕಾಯದೆ ಆಗಲೇ ಒಳಗೆ ಹೋಗಿ ಇನ್ನೊಂದು ಅರ್ಧ ಲೋಟ ತೆಗೆದುಕೊಂಡು ಬಂದಳು. ಕಾವಲುಗಾರ ಪಾಸು ಓದಿದ, ಮತ್ತೆ ಓದಿದ. ಆಮೇಲೆ ಆ ಲೋಟವನ್ನ ಮುಟ್ಟದೆ ಕೈಯಿಂದ ದಾರಿ ತೋರಿಸಿದ. ಮಾರನೇ ದಿನ ನಾನು ಬರುವಷ್ಟರಲ್ಲಿ ತಗಡಿನ ಮೇಜು ನೆರಳಿಗೆ ಹೋಗಿತ್ತು.

ಅವತ್ತು ಮನೆಗೆ ಬಂದಾಗ ಅವ್ವ ಅಳುವ ಮಗುವನ್ನ ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಸಕ್ಕರೆ ನೀರು ಕೊಟ್ಟಿರಲಿಲ್ಲ. "ನಿಮ್ ಡಾಕ್ಟ್ರು ಬ್ಯಾಡ ಅಂದವ್ರಲ್ಲ, ಅದ್ಕೆ," ಅಂದಳು ಮುಖ ಆ ಕಡೆ ತಿರುಗಿಸಿ. ಕೈ ತೊಳೆದು, ಲೋಟವನ್ನ ಬಿಸಿ ನೀರಲ್ಲಿ ಕೂರಿಸಿ, ಒಳಲೆಗೆ ಹಾಕುತ್ತಾ ಗೇಟಿನ ಕತೆ ಹೇಳಿದೆ. ಬೆರಳು ಹಾಕಿದ ಅಂದ ಕೂಡಲೇ ಅವ್ವ ಸಿಡಿದಳು. "ಮೀಸ್ಲು ಆಲಿಗೆ ಬೆಟ್ ಆಕಕ್ಕೆ ಅವ್ನ್ಯಾರ್ಲಾ?"

ದೇವರಿಗೆ ಅಂತ ಯಾರೂ ಮುಟ್ಟದ ಹಾಗೆ ತೆಗೆದಿಡೋ ಹಾಲಿಗೆ ನಮ್ಮಲ್ಲಿ ಮೀಸಲು ಅನ್ನುತ್ತಾರೆ. ಹಿಂಡಿ ಇಟ್ಟ ಹಾಲು ಎಂಜಲು ಅಂತ ಹದಿನೈದು ದಿನದಿಂದ ಗೊಣಗುತ್ತಿದ್ದವಳು ಅವ್ವನೇ. ಅವತ್ತಿಂದ ಮಡಕೆಯ ಹತ್ತಿರ ಯಾರು ಸುಳಿದರೂ, "ಯಾರದು, ಕೈ ತೊಳ್ದಿದ್ದೀರಾ?" ಅಂತ ಕೂಗುತ್ತಿದ್ದಳು. ಕಣ್ಣು ಕಾಣದಿದ್ದರೂ ಮರಳಿಗೆ ಹೊತ್ತು ಹೊತ್ತಿಗೆ ನೀರು ಹಾಕುವ ಕೆಲಸ ಅವಳೇ ಹಿಡಿದಳು.

ವಾರದಲ್ಲಿ ಹಾಲು ಮತ್ತೆ ಏರಿತು. ಬೇಸಿಗೆ ಬಂತು. ಮಾಲೀಕರ ಹೆಂಡತಿಗೆ ಗೇಟಿನ ಸುದ್ದಿ ಮುಟ್ಟಿತ್ತು. ಒಂದು ದಿನ ಬಾಗಿಲಿಗೆ ಬಂದು, "ಸೆಕೆ ಜಾಸ್ತಿ ಆಯ್ತು ಕಣಪ್ಪಾ. ಫ್ರಿಜ್ಜಿಂದು ಕೆಳಗಿನ ತಟ್ಟೆ ಖಾಲಿ ಮಾಡಿವ್ನಿ, ತಂದಿಡು," ಅಂದರು. ನಾನು, "ಬೇಡಕ್ಕಾ, ನಮ್ಮ ಮಡಕೆ ಸಾಕು," ಅಂದೆ. ಅವತ್ತು ಭಾನುವಾರ, ಹೆಂಡತಿ ಮನೆಯಲ್ಲೇ ಇದ್ದಳು. ಅವರು ಹೋದ ಮೇಲೆ, "ಮಗು ದೊಡ್ಡದಾ, ನಿಮ್ಮ ಮೀಸೆ ದೊಡ್ಡದಾ?" ಅಂತ ಕೇಳಿ, ನಾನು ಉತ್ತರ ಕೊಡುವ ಮೊದಲೇ ಲೋಟ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಏಪ್ರಿಲ್ ಪೂರ್ತಿ ಹಾಲು ಅಲ್ಲೇ ಇತ್ತು. ತರೋದಕ್ಕೆ, ಇಡೋದಕ್ಕೆ ಅವ್ವ ಇಲ್ಲಾಂದ್ರೆ ಹೆಂಡತಿ ಹೋಗುತ್ತಿದ್ದರು. ನಾನು ಆ ಮೆಟ್ಟಿಲು ಹತ್ತಲಿಲ್ಲ. ಅವರು ಒಳ್ಳೆಯವರೇ. ಆದರೂ ಮೊದಲ ಸಲ ಕೇಳಿದಾಗಲೇ ಕೊಡಬೇಕಿತ್ತು. ಇದನ್ನ ಅವರ ಎದುರಿಗೂ ಹೇಳಿದ್ದೇನೆ.

ಆರನೇ ತಿಂಗಳು ತುಂಬಿದ ದಿನ ಮೂವರೂ ಆಸ್ಪತ್ರೆಗೆ ಹೋದೆವು. ನರ್ಸಮ್ಮ ಮಗುವನ್ನ ತಕ್ಕಡಿಯಲ್ಲಿ ಮಲಗಿಸಿದರು. ಮಗಳು ಮುಳ್ಳು ನಿಲ್ಲಲು ಬಿಡದೆ ಕಾಲು ಒದೆಯುತ್ತಿದ್ದಳು.

"ಹಿಡ್ಕೊಳ್ಳಿ ಸ್ವಲ್ಪ," ಅಂದರು ನರ್ಸಮ್ಮ.

"ಒದೀಲಿ ಬಿಡಿ," ಅಂದೆ.

ಐದು ಕೆಜಿ ಏಳುನೂರು. ಅವರು ಅದನ್ನ ಚೀಟಿಯಲ್ಲಿ ಬರೆದು, "ಇನ್ನು ರಾಗಿ ಸರಿ ಶುರು ಮಾಡಿ. ಎದೆ ಹಾಲು ಬಿಡಿಸಬೇಡಿ, ಎರಡೂ ನಡೀಲಿ," ಅಂದರು. ಹೆಂಡತಿಯ ಪರ್ಮನೆಂಟ್ ಕಾಗದ ಅದರ ಹಿಂದಿನ ವಾರವೇ ಬಂದಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ, ನೋಡಿದ್ದರೆ ಆಸ್ಪತ್ರೆಯಲ್ಲೇ ಅತ್ತುಬಿಡುತ್ತಿದ್ದೆವು.

ಗಂಡಸಾಗಿ ಇಂಥದ್ದನ್ನ ಬರೀತಾನಲ್ಲ, ನಾಚಿಕೆ ಇಲ್ಲವಾ ಅಂತ ಕೇಳುವವರು ಈಗಲೂ ಇರಬಹುದು. ಇಲ್ಲ. ನನಗೆ ನಾಚಿಕೆ ಆದದ್ದು ಒಂದೇ ಸಲ, ಹಾಲು ಉಕ್ಕಿ ಸ್ಟೌ ಮೇಲೆ ಚುರ್ ಅಂದಾಗ.

ಈಗ ನನಗಿರೋದು ಇಷ್ಟು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷಿನ್ನು. ಮೂರು ಕೋಣೆಯ ಸ್ವಂತ ಮನೆ. ಒಂಬತ್ತೂವರೆ ಬೆರಳು, ಉಳಿದರ್ಧ ಲೇತು ತಿಂದಿದ್ದು. ಕಾರ್ಖಾನೆಯಿಂದ ರಿಟೈರಾದ ಒಬ್ಬಳು ಹೆಂಡತಿ. ನನಗಿಂತ ಎರಡು ಇಂಚು ಎತ್ತರದ ಒಬ್ಬಳು ಮಗಳು.